ಟ್ರಾನ್ಸ್‌ಫರ್ ವಿಂಡೋದಲ್ಲಿ ನಿಮ್ಮ ಕ್ಲಬ್ ಏನು ಮಾಡುತ್ತಿದೆ? ನೀವೇ ಲೆಕ್ಕ ಹಾಕುವ ಬಗೆ

ಜೂನ್ ಬಂದರೆ ಸಾಕು, ಫುಟ್‌ಬಾಲ್ ಕ್ಲಬ್‌ಗಳು ಆಟಗಾರರನ್ನು ಕೊಂಡು ಮಾರುವ ಅವಧಿ, ಅಂದರೆ ಟ್ರಾನ್ಸ್‌ಫರ್ ವಿಂಡೋ, ಬರುತ್ತದೆ, ಓದುಗರಿಂದ ಅದೇ ಪ್ರಶ್ನೆ ಶುರು. "ನಮ್ಮ ಕ್ಲಬ್ ಯಾಕೆ ಯಾರನ್ನೂ ತಗೊಳ್ತಿಲ್ಲ? ಮಾಲೀಕರ ಹತ್ತಿರ ಅಷ್ಟು ದುಡ್ಡಿದೆ, ಆದ್ರೂ ಒಳ್ಳೆ ಹುಡುಗನನ್ನ ಯಾಕೆ ಮಾರಿದ್ರು? ಸ್ಟ್ರೈಕರ್ ಬೇಕು ಅಂತ ಎಲ್ಲರಿಗೂ ಗೊತ್ತು, ಅವರಿಗೆ ಗೊತ್ತಿಲ್ವಾ?" ಕೇಳುವವರು ಬೇರೆ ಬೇರೆ ಕ್ಲಬ್ಬಿನ ಅಭಿಮಾನಿಗಳು, ಪ್ರಶ್ನೆ ಮಾತ್ರ ಒಂದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ನಾನು ಲೆಕ್ಕ ಹಾಕುವ ವಿಧಾನವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಯಾವ ಕ್ಲಬ್ ಆದರೂ, ಯಾವ ವರ್ಷವಾದರೂ ನೀವೇ ಹಾಳೆ ಹಾಕಿಕೊಂಡು ನೋಡಬಹುದು.

ಉದಾಹರಣೆಗೆ ಉದ್ದಕ್ಕೂ ಒಂದೇ ಕ್ಲಬ್ ಇಟ್ಟುಕೊಳ್ಳುತ್ತೇನೆ: ಇಂಗ್ಲೆಂಡಿನ ನ್ಯೂಕಾಸಲ್ ಯುನೈಟೆಡ್, 2025ರ ಬೇಸಿಗೆ (ಅಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್). ಆ ಮಾರ್ಚ್‌ನಲ್ಲಿ ಅವರು ವೆಂಬ್ಲಿಯಲ್ಲಿ ಲಿವರ್‌ಪೂಲ್ ತಂಡವನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದಿದ್ದರು. 1955ರ ನಂತರ ಇಂಗ್ಲೆಂಡಿನೊಳಗೆ ಅವರು ಗೆದ್ದ ಮೊದಲ ದೊಡ್ಡ ಕಪ್ ಅದು. ಲೀಗ್‌ನಲ್ಲಿ ಐದನೇ ಸ್ಥಾನ, ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶವೂ ಸಿಕ್ಕಿತ್ತು. ಎಲ್ಲಾ ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಬಂದ ಆ ಬೇಸಿಗೆ, ತಂಡ ಕಟ್ಟುವ ಕೆಲಸದಲ್ಲಿ ಏನೇನು ಕಷ್ಟ ಬರಬಹುದೋ ಅಷ್ಟನ್ನೂ ಒಟ್ಟಿಗೇ ತಂದಿತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗುವುದು ಕಷ್ಟ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ದೊಡ್ಡ ಹಾಳೆ ಅಥವಾ ಕಂಪ್ಯೂಟರ್‌ನಲ್ಲಿ ಒಂದು ಶೀಟ್. ಕ್ಲಬ್‌ನ ಆಟಗಾರರ ಪಟ್ಟಿ, ಅದು ಕ್ಲಬ್‌ನ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಪ್ರತಿಯೊಬ್ಬರ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷ. ಮುಂದಿನ ಸೀಸನ್ ವೇಳಾಪಟ್ಟಿ. ಕಾಗದದ ಮೇಲೆ ಮಾಡುವುದಾದರೆ ಪೆನ್ ಬೇಡ, ಪೆನ್ಸಿಲ್ ಇರಲಿ. ಆಗಸ್ಟ್‌ನಲ್ಲಿ ಎಷ್ಟು ಸಲ ಅಳಿಸಬೇಕಾಗುತ್ತದೆ ಎಂದು ಈಗ ನಿಮಗೆ ಅಂದಾಜು ಸಿಗುವುದಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಬರುವವರ ಹೆಸರಿನ ಹಿಂದೆ ಓಡಬೇಡಿ, ಖಾಲಿಯಾಗುವ ಜಾಗ ನೋಡಿ. ನಾವೆಲ್ಲ ಮಾಡುವ ತಪ್ಪು ಇದೇ. ಯಾರು ಬರುತ್ತಾರೆ ಎಂದು ಎರಡು ತಿಂಗಳು ಕಾಯುತ್ತೇವೆ, ಯಾರು ಹೋಗುತ್ತಾರೆ ಎಂದು ಮೊದಲ ದಿನ ಕೂತು ಯೋಚಿಸುವುದಿಲ್ಲ.

1. ಹಾಳೆಯ ಮೇಲೆ ಮೈದಾನ ಬರೆಯಿರಿ

ನಿಮ್ಮ ತಂಡ ಹೆಚ್ಚಾಗಿ ಆಡುವ ಪದ್ಧತಿ ಯಾವುದು, 4-3-3 ಅಥವಾ 3-4-3 (ಗೋಲ್‌ಕೀಪರ್ ಬಿಟ್ಟು ಹಿಂದೆ, ಮಧ್ಯೆ, ಮುಂದೆ ಎಷ್ಟೆಷ್ಟು ಜನ ಅಂತ), ಅದರಂತೆ ಹನ್ನೊಂದು ಜಾಗ ಗುರುತು ಮಾಡಿ. ಪ್ರತಿ ಜಾಗದ ಕೆಳಗೆ ಮೂರು ಸಾಲು. ಮೊದಲ ಸಾಲಿನಲ್ಲಿ ಪ್ರತಿ ವಾರ ಆಡುವವರು. ಎರಡನೆಯದರಲ್ಲಿ ಅವರಿಗೆ ಗಾಯವಾದರೆ ಆಡುವವರು. ಮೂರನೆಯದು ಇನ್ನೂ ಕಲಿಯುತ್ತಿರುವ ಹುಡುಗರಿಗೆ, ಕ್ಲಬ್‌ನ ತರಬೇತಿ ಶಾಲೆಯಾದ ಅಕಾಡೆಮಿಯವರೂ ಸೇರಿ.

ಪ್ರತಿ ಹೆಸರಿನ ಪಕ್ಕ ವಯಸ್ಸು ಮತ್ತು ಒಪ್ಪಂದದ ವರ್ಷ. ಜುಲೈ 1ರ ಲೆಕ್ಕಕ್ಕೆ ಬರೆಯಿರಿ, ಯಾಕೆಂದರೆ ಹೆಚ್ಚಿನ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ.

ಈಗ ನ್ಯೂಕಾಸಲ್ ಹಾಳೆಯಲ್ಲಿ ಒಂದೇ ಒಂದು ಜಾಗ, ಗೋಲು ಹೊಡೆಯುವ ಸ್ಟ್ರೈಕರ್ ಜಾಗ, 2025ರ ಜೂನ್ ಕೊನೆಯಲ್ಲಿ ಹೇಗಿತ್ತು ನೋಡೋಣ:

ಮೊದಲ ಸಾಲು: ಅಲೆಕ್ಸಾಂಡರ್ ಇಸಾಕ್, 25 ವರ್ಷ, 2028ರವರೆಗೆ.
ಎರಡನೇ ಸಾಲು: ಕ್ಯಾಲಮ್ ವಿಲ್ಸನ್, 33 ವರ್ಷ, ಒಪ್ಪಂದ ಇದೇ ತಿಂಗಳು ಮುಗಿಯುತ್ತದೆ.
ಮೂರನೇ ಸಾಲು: ವಿಲಿಯಂ ಓಸುಲಾ, 21 ವರ್ಷ, ಹಿಂದಿನ ಆಗಸ್ಟ್‌ನಲ್ಲಿ ಶೆಫೀಲ್ಡ್ ಯುನೈಟೆಡ್‌ನಿಂದ ಬಂದ ಹುಡುಗ.

ಸುಮ್ನೆ ನೋಡಿದರೆ ಮೂರು ಹೆಸರಿದೆ. ಆದರೆ ಎರಡನೇ ಸಾಲನ್ನು ಹೊಡೆದು ಹಾಕಿ ನೋಡಿ. ಆಗ ಹಿಂದಿನ ಸೀಸನ್‌ನಲ್ಲಿ ಲೀಗ್‌ನಲ್ಲೇ 23 ಗೋಲು ಹೊಡೆದ ಒಬ್ಬರು, ಇನ್ನೂ ಕಲಿಯುತ್ತಿರುವ ಒಬ್ಬ ಹುಡುಗ, ಇಷ್ಟೇ ಉಳಿಯುತ್ತದೆ. ಅಂದರೆ ಇಸಾಕ್ ಉಳಿದರೂ ಒಬ್ಬ ಸ್ಟ್ರೈಕರ್ ಬೇಕೇ ಬೇಕಿತ್ತು. ಇಸಾಕ್ ಹೋದರೆ ಇಬ್ಬರು ಬೇಕು. ಈ ಒಂದು ಲೆಕ್ಕ ಜೂನ್‌ನಲ್ಲೇ ಹಾಳೆ ಮೇಲೆ ಕಾಣುತ್ತಿತ್ತು, ಮುಂದಿನ ಎರಡು ತಿಂಗಳ ಕಥೆಯೆಲ್ಲ ಇದರಿಂದಲೇ ಹುಟ್ಟಿತು.

ಎಡವುವ ಜಾಗ: ಒಬ್ಬ ಆಟಗಾರನ ಹೆಸರನ್ನು ಎರಡು ಮೂರು ಜಾಗದಲ್ಲಿ ಬರೆಯುವುದು. "ಗಾರ್ಡನ್ ಇದ್ದಾರಲ್ಲ, ಅವರೂ ಮುಂದೆ ಆಡ್ತಾರೆ" ಅಂತ ಎಡ ವಿಂಗರ್ ಆಂಥೊನಿ ಗಾರ್ಡನ್ ಹೆಸರನ್ನು ಸ್ಟ್ರೈಕರ್ ಸಾಲಿಗೂ ಸೇರಿಸಿದರೆ ಹಾಳೆ ತುಂಬಿದಂತೆ ಕಾಣುತ್ತದೆ. ಅವರು ಮಧ್ಯಕ್ಕೆ ಬಂದ ದಿನ ಎಡಭಾಗ ಖಾಲಿಯಾಗುತ್ತದೆ ಎನ್ನುವುದು ಮರೆತುಹೋಗುತ್ತದೆ. ಒಬ್ಬರಿಗೆ ಒಂದೇ ಜಾಗ. ಇನ್ನೊಂದು ಜಾಗದಲ್ಲಿ ಬರೆಯಲೇಬೇಕಾದರೆ ಹೆಸರಿನ ಸುತ್ತ ಒಂದು ಸುತ್ತು ಹಾಕಿ, ಎಣಿಕೆಗೆ ಸೇರಿಸಬೇಡಿ.

2. ಒಪ್ಪಂದದ ವರ್ಷಕ್ಕೆ ಬಣ್ಣ ಹಚ್ಚಿ

ಮೂರು ವರ್ಷ ಅಥವಾ ಜಾಸ್ತಿ ಇದ್ದರೆ ಹಸಿರು. ಎರಡು ವರ್ಷ ಉಳಿದಿದ್ದರೆ ಹಳದಿ. ಒಂದೇ ವರ್ಷ ಇದ್ದರೆ ಕೆಂಪು.

ಹಳದಿ ಯಾಕೆ ಮುಖ್ಯ ಅಂದರೆ, ಕ್ಲಬ್ ಕೈಯಲ್ಲಿ ಚೌಕಾಶಿ ಮಾಡುವ ಬಲ ಇರುವ ಕೊನೆಯ ಬೇಸಿಗೆ ಅದು. ಹೊಸ ಒಪ್ಪಂದಕ್ಕೆ ಸಹಿ ಹಾಕಿಸಬೇಕು ಇಲ್ಲವೇ ಒಳ್ಳೆ ಬೆಲೆಗೆ ಮಾರಬೇಕು. ಕೆಂಪಿಗೆ ಇಳಿದ ಮೇಲೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಕೊನೆಯ ಆರು ತಿಂಗಳಿಗೆ ಬಂದರೆ ಆಟಗಾರ ಬೇರೆ ದೇಶದ ಕ್ಲಬ್ ಜೊತೆ ನೇರವಾಗಿ ಮಾತಾಡಿ ಮುಂದಿನ ಬೇಸಿಗೆಗೆ ಸಹಿ ಹಾಕಬಹುದು, ಹಳೆ ಕ್ಲಬ್‌ಗೆ ಒಂದು ಪೈಸೆಯೂ ಸಿಗುವುದಿಲ್ಲ. ಒಪ್ಪಂದ ಮುಗಿದ ಆಟಗಾರನಿಗೆ ಟ್ರಾನ್ಸ್‌ಫರ್ ಹಣ ಕೇಳುವಂತಿಲ್ಲ ಎಂದು 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ತೀರ್ಪಿಗೆ ಕೇಸು ಹಾಕಿದ ಬೆಲ್ಜಿಯಂ ಆಟಗಾರ ಬಾಸ್ಮನ್ ಹೆಸರೇ ಉಳಿದಿದೆ. "ಬಾಸ್ಮನ್‌ನಲ್ಲಿ ಹೋದ" ಅಂತ ಕೇಳಿದರೆ ಅರ್ಥ ಇದೇ.

ಲಿವರ್‌ಪೂಲ್‌ನ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ 2025ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದು ನೆನಪಿದೆಯಲ್ವಾ? ಒಪ್ಪಂದ ಮುಗಿಯುವ ಹೊತ್ತಿಗೆ ಹೋದರು. ಕ್ಲಬ್ ವಿಶ್ವಕಪ್‌ಗೆ ಕೆಲವು ವಾರ ಮೊದಲೇ ಬೇಕಿತ್ತು ಅಂತ ಮ್ಯಾಡ್ರಿಡ್ ಸಣ್ಣದೊಂದು ಮೊತ್ತ ಕೊಟ್ಟಿತು ಅಷ್ಟೇ. ಅಂಥ ಆಟಗಾರ ಎರಡು ವರ್ಷ ಮೊದಲು ಮಾರುಕಟ್ಟೆಗೆ ಬಂದಿದ್ದರೆ ಎಷ್ಟಾಗುತ್ತಿತ್ತು ಯೋಚಿಸಿ.

ವಯಸ್ಸಿಗೂ ಬಣ್ಣ ಹಚ್ಚಬಹುದು, ಆದರೆ ಕುರುಡಾಗಿ ನಂಬಬೇಡಿ. ನಮ್ಮ ಬೆಂಗಳೂರು ಎಫ್‌ಸಿ ಹಾಳೆಯಲ್ಲಿ ಸುನಿಲ್ ಛೆಟ್ರಿ ಹೆಸರಿನ ಪಕ್ಕ 40 ಅಂತ ಇತ್ತು. 2024-25ರ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಅವರೇ 14 ಗೋಲು ಹೊಡೆದರು, ತಂಡ ಫೈನಲ್ ತಲುಪಿತು. ವಯಸ್ಸು ನೋಡಿ ಹೆಸರು ಹೊಡೆಯುವ ಬದಲು, ಆ ಜಾಗದಲ್ಲಿ ಎರಡನೇ ಸಾಲು ಗಟ್ಟಿ ಇದೆಯಾ ಅಂತ ನೋಡಿ.

3. ಹೋಗುವವರ ಪಟ್ಟಿ ಮೊದಲು ಮಾಡಿ

ಇದು ಎಲ್ಲಕ್ಕಿಂತ ಮುಖ್ಯ ಹಂತ, ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೂರು ಥರದ ಹೋಗುವಿಕೆ ಇದೆ. ಒಪ್ಪಂದ ಮುಗಿದು ಹೋಗುವವರು. ಕ್ಲಬ್ ತಾನಾಗಿ ಮಾರುವವರು. ಕ್ಲಬ್‌ಗೆ ಇಷ್ಟವಿಲ್ಲದಿದ್ದರೂ ಹೋಗಲು ಹಟ ಹಿಡಿಯುವವರು. ಮೊದಲೆರಡಕ್ಕೆ ಯೋಜನೆ ಮಾಡಬಹುದು. ಮೂರನೆಯದು ಬಂದಾಗಲೇ ಕ್ಲಬ್‌ನ ತಯಾರಿ ಎಷ್ಟಿದೆ ಅಂತ ಗೊತ್ತಾಗುವುದು.

ಇಸಾಕ್ ವಿಷಯದಲ್ಲಿ ಆದದ್ದು ಮೂರನೆಯದು. ಜುಲೈನಲ್ಲಿ ತಂಡ ಸಿಂಗಪುರ, ದಕ್ಷಿಣ ಕೊರಿಯಾ ಪ್ರವಾಸಕ್ಕೆ ಹೋಯಿತು, ಅವರು ಹೋಗಲಿಲ್ಲ. ಆಗಸ್ಟ್ 1ಕ್ಕೆ ಲಿವರ್‌ಪೂಲ್ ಸುಮಾರು 11 ಕೋಟಿ ಪೌಂಡ್ ಕೊಡುತ್ತೇವೆ ಅಂತ ಕೇಳಿತು. (ಸುದ್ದಿಯಲ್ಲಿ ಮಿಲಿಯನ್ ಅಂತ ಬರುತ್ತದೆ, 10 ಮಿಲಿಯನ್ ಅಂದರೆ ನಮ್ಮ ಒಂದು ಕೋಟಿ.) ನ್ಯೂಕಾಸಲ್ ಆಗುವುದಿಲ್ಲ ಎಂದಿತು. ಕ್ಲಬ್‌ನ ಕಷ್ಟ ಸರಳವಾಗಿತ್ತು: ಬದಲಿಗೆ ಆಟಗಾರ ಸಿಗದೆ ಇವರನ್ನು ಬಿಡುವಂತಿಲ್ಲ. ಆದರೆ ಬದಲಿ ಆಟಗಾರನನ್ನು ಕೇಳಲು ಹೋದರೆ, ಎದುರಿನ ಕ್ಲಬ್‌ಗೆ ಇವರ ಅವಸರ ಗೊತ್ತಿದೆ, ಬೆಲೆ ಏರಿಸುತ್ತದೆ.

ಕೇಳಿದ ಆಟಗಾರರೂ ಕೈ ತಪ್ಪುತ್ತಾ ಹೋದರು. ಜೊಆವೊ ಪೆಡ್ರೊ ಚೆಲ್ಸಿಗೆ ಹೋದರು. ಹ್ಯೂಗೊ ಎಕಿಟಿಕೆ ಲಿವರ್‌ಪೂಲ್‌ಗೆ ಹೋದರು. ಬೆಂಜಮಿನ್ ಶೆಶ್ಕೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಮೇಲೆ ಕಣ್ಣಿಟ್ಟಿದ್ದರು, ಅವರನ್ನು ಮ್ಯಾಂಚೆಸ್ಟರ್ ಸಿಟಿ ಕರೆದುಕೊಂಡಿತು. ಆಟಗಾರರನ್ನು ಕೊಳ್ಳುವ ಕೆಲಸ ನೋಡಿಕೊಳ್ಳುವ ಸ್ಪೋರ್ಟಿಂಗ್ ಡೈರೆಕ್ಟರ್ ಪಾಲ್ ಮಿಚೆಲ್ ಜೂನ್ ಕೊನೆಗೇ ಕ್ಲಬ್ ಬಿಟ್ಟಿದ್ದರು. ಆ ಕುರ್ಚಿ ಇಡೀ ವಿಂಡೋ ಖಾಲಿಯೇ ಇತ್ತು. ನಿಮ್ಮ ಹಾಳೆಯ ಮೂಲೆಯಲ್ಲಿ ಇದಕ್ಕೂ ಒಂದು ಜಾಗ ಇಡಿ: ಕೊಳ್ಳುವ ಕೆಲಸ ಮಾಡುವವರು ಯಾರು, ಅವರು ಈಗ ಇದ್ದಾರಾ? ಮೈದಾನದ ಹನ್ನೊಂದು ಜಾಗದಷ್ಟೇ ಇದೂ ಮುಖ್ಯ.

ಪರಿಣಾಮ ಮೈದಾನದಲ್ಲಿ ಕಂಡಿತು. ಮೊದಲ ಪಂದ್ಯ ಆಸ್ಟನ್ ವಿಲ್ಲಾ ಜೊತೆ 0-0, ಅದೂ ಎದುರಾಳಿ ಹತ್ತು ಜನರಿಗೆ ಇಳಿದ ಮೇಲೂ. ಎರಡನೆಯದು ಲಿವರ್‌ಪೂಲ್ ಜೊತೆ, ಗಾರ್ಡನ್‌ಗೆ ಕೆಂಪು ಕಾರ್ಡ್, 2-3 ಸೋಲು. ಗೆಲುವಿನ ಗೋಲು ಹೊಡೆದವನು 16 ವರ್ಷದ ರಿಯೊ ಎನ್‌ಗುಮೊಹ, ಹೆಚ್ಚುವರಿ ಸಮಯದಲ್ಲಿ. ಮೂರನೆಯದು ಲೀಡ್ಸ್ ಜೊತೆ, ಗಾರ್ಡನ್ ಅಮಾನತಿನಲ್ಲಿ, ಮತ್ತೆ 0-0. ಮೂರು ಪಂದ್ಯ, 2 ಅಂಕ. ಜೂನ್‌ನ ಹಾಳೆಯಲ್ಲಿದ್ದ ಆ ಖಾಲಿ ಸಾಲಿನ ಬೆಲೆ ಇದು. ಹತ್ತು ಜನರೊಂದಿಗೆ ಆಡುತ್ತಾ ಎರಡು ಗೋಲು ಹಿಂದಿದ್ದ ತಂಡ ಲಿವರ್‌ಪೂಲ್ ವಿರುದ್ಧ ಸಮ ಮಾಡಿಕೊಂಡಿತಲ್ಲ, ಆ ಸಮ ಮಾಡಿದ ಗೋಲು ಓಸುಲಾದು. ಮೂರನೇ ಸಾಲಿನ ಹುಡುಗ. ಅದನ್ನು ನೋಡಿ ನಿಜಕ್ಕೂ ಮನಸ್ಸು ತುಂಬಿತ್ತು.

ಕೊನೆಗೆ ಆಗಸ್ಟ್ 30ಕ್ಕೆ ಸ್ಟುಟ್‌ಗಾರ್ಟ್‌ನಿಂದ ನಿಕ್ ವೋಲ್ಟೆಮಾಡೆ ಬಂದರು, ಸುಮಾರು 6.5 ಕೋಟಿ ಪೌಂಡ್ ಮತ್ತು ಮೇಲೆ ಸ್ವಲ್ಪ. ಸೆಪ್ಟೆಂಬರ್ 1, ಕೊನೆಯ ದಿನ, ಬ್ರೆಂಟ್‌ಫರ್ಡ್‌ನಿಂದ ಯೊಆನ್ ವಿಸ್ಸಾ. ಅದೇ ದಿನ ಇಸಾಕ್ 12.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ. ಬ್ರಿಟನ್‌ನಲ್ಲಿ ಅದು ದಾಖಲೆ ಬೆಲೆ. ಇಬ್ಬರು ಬೇಕಿತ್ತು, ಇಬ್ಬರೂ ಬಂದರು. ಆದರೆ ಜುಲೈನಲ್ಲಿ ಬರಬೇಕಿದ್ದವರು ಸೆಪ್ಟೆಂಬರ್‌ಗೆ ಬಂದರು.

4. ನೋಂದಣಿ ಪಟ್ಟಿಯ ಲೆಕ್ಕ

ಕೊಂಡ ಮಾತ್ರಕ್ಕೆ ಆಡಿಸಲು ಆಗುವುದಿಲ್ಲ. ನ್ಯೂಕಾಸಲ್ ಆಡುವ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಕ್ಲಬ್ 25 ಹೆಸರು ಕೊಡಬಹುದು. ಅದರಲ್ಲಿ "ಹೋಮ್‌ಗ್ರೋನ್" ಅಲ್ಲದವರು 17ಕ್ಕಿಂತ ಜಾಸ್ತಿ ಇರುವಂತಿಲ್ಲ. 21ರ ಒಳಗಿನವರ ಹೆಸರು ಈ ಪಟ್ಟಿಯಲ್ಲಿ ಬೇಕಿಲ್ಲ, ಅವರು ಹಾಗೆಯೇ ಆಡಬಹುದು. 2025-26ಕ್ಕೆ ಅಂದರೆ 2004ರ ಜನವರಿ 1 ಅಥವಾ ನಂತರ ಹುಟ್ಟಿದವರು.

ಹೋಮ್‌ಗ್ರೋನ್ ಅಂದರೆ ಇಂಗ್ಲಿಷ್ ಪ್ರಜೆ ಅಂತಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. 21 ತುಂಬುವ ಮೊದಲು ಮೂರು ಸೀಸನ್ ಅಥವಾ 36 ತಿಂಗಳು ಇಂಗ್ಲೆಂಡ್ ಇಲ್ಲವೇ ವೇಲ್ಸ್‌ನ ಕ್ಲಬ್‌ನಲ್ಲಿ ನೋಂದಣಿ ಆಗಿದ್ದವರು ಅಂತ ಅರ್ಥ. ಆ ಬೇಸಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಿಂದ ನ್ಯೂಕಾಸಲ್‌ಗೆ ಬಂದ ಆಂಥೊನಿ ಎಲಂಗಾ ಸ್ವೀಡನ್ ಪರ ಆಡುವವರು. ಆದರೆ ಚಿಕ್ಕಂದಿನಿಂದ ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಲ್ಲಿ ಬೆಳೆದ ಕಾರಣ ಹೋಮ್‌ಗ್ರೋನ್. ಎರಿಕ್ ಡೈಯರ್ ಇಂಗ್ಲೆಂಡ್ ಪರವೇ ಆಡಿದವರು, ಆದರೆ ಬೆಳೆದದ್ದು ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಲ್ಲಿ, ಆದ್ದರಿಂದ ಟಾಟನ್‌ಹ್ಯಾಮ್‌ನಲ್ಲಿದ್ದಾಗ ಅವರು ಹೋಮ್‌ಗ್ರೋನ್ ಲೆಕ್ಕಕ್ಕೆ ಬರಲಿಲ್ಲ.

ಯುರೋಪಿನ ಪಂದ್ಯಗಳಿದ್ದರೆ ಲೆಕ್ಕ ಇನ್ನೂ ಬಿಗಿ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ಮುಖ್ಯ ಪಟ್ಟಿಯಲ್ಲೂ 25 ಜಾಗ. ಅದರಲ್ಲಿ 8 ಜಾಗ ಆ ದೇಶದಲ್ಲಿ ಬೆಳೆದವರಿಗೆ ಮೀಸಲು, ಆ 8ರಲ್ಲಿ 4 ನಿಮ್ಮ ಕ್ಲಬ್‌ನಲ್ಲೇ ಬೆಳೆದವರಿಗೆ. ಅಂಥವರು ಇಲ್ಲದಿದ್ದರೆ ಬೇರೆಯವರನ್ನು ಹಾಕುವಂತಿಲ್ಲ, ಪಟ್ಟಿಯೇ ಚಿಕ್ಕದಾಗುತ್ತದೆ. ಅದಕ್ಕೇ ದೊಡ್ಡ ಕ್ಲಬ್‌ಗಳು ವರ್ಷಕ್ಕೆ ನಾಲ್ಕು ಪಂದ್ಯವೂ ಆಡದ ಮೂರನೇ ಗೋಲ್‌ಕೀಪರ್‌ನನ್ನು, ಸ್ವಂತ ಅಕಾಡೆಮಿಯವನನ್ನು, ಜೋಪಾನ ಮಾಡುವುದು.

ಸ್ಪೇನ್‌ನಲ್ಲಿ ಕಥೆ ಬೇರೆ. ಅಲ್ಲಿನ ಲೀಗ್ ಲಾ ಲಿಗಾ ಪ್ರತಿ ಕ್ಲಬ್‌ಗೂ ಸಂಬಳದ ಮಿತಿ ಹಾಕುತ್ತದೆ, ಮಿತಿಯೊಳಗೆ ಜಾಗ ಇಲ್ಲದಿದ್ದರೆ ನೋಂದಣಿಯೇ ಇಲ್ಲ. 2021ರ ಆಗಸ್ಟ್‌ನಲ್ಲಿ ಮೆಸ್ಸಿ ಬಾರ್ಸಿಲೋನಾ ಬಿಡಬೇಕಾಗಿ ಬಂದದ್ದು ಇದರಿಂದ. ಡ್ಯಾನಿ ಓಲ್ಮೊ 2024ರಲ್ಲಿ ಅದೇ ಕ್ಲಬ್‌ಗೆ ಬಂದರು, ಗಾಯಗೊಂಡ ಕ್ರಿಸ್ಟೆನ್ಸನ್ ಅವರ ಸಂಬಳದ ಜಾಗದಲ್ಲಿ ಅರ್ಧ ಸೀಸನ್‌ಗೆ ನೋಂದಣಿಯಾದರು, 2025ರ ಜನವರಿಯಲ್ಲಿ ಅದು ಮುಗಿದಾಗ ಸರ್ಕಾರದ ಕ್ರೀಡಾ ಮಂಡಳಿ ತಾತ್ಕಾಲಿಕ ಅನುಮತಿ ಕೊಟ್ಟ ಮೇಲೆಯೇ ಮತ್ತೆ ಆಡಿದ್ದು. ನಿಮ್ಮದು ಸ್ಪೇನ್‌ನ ಕ್ಲಬ್ ಆದರೆ ಹಾಳೆಯಲ್ಲಿ ಸಂಬಳಕ್ಕೆ ಒಂದು ಕಾಲಂ ಕಡ್ಡಾಯ.

5. ದುಡ್ಡಿನ ಲೆಕ್ಕ

"ನ್ಯೂಕಾಸಲ್ ಮಾಲೀಕರು ಸೌದಿಯವರು, ದುಡ್ಡಿಗೇನು ಬರ?" ಈ ಪ್ರಶ್ನೆ ಅತಿ ಹೆಚ್ಚು ಬರುವುದು. ದುಡ್ಡು ಇರುವುದು ಬೇರೆ, ಖರ್ಚು ಮಾಡಲು ಅವಕಾಶ ಇರುವುದು ಬೇರೆ.

ಈ ಕಥೆ ನಡೆದಾಗ ಪ್ರೀಮಿಯರ್ ಲೀಗ್‌ನಲ್ಲಿದ್ದ ನಿಯಮಕ್ಕೆ ಪಿಎಸ್‌ಆರ್ ಎನ್ನುತ್ತಾರೆ, ಲಾಭ ನಷ್ಟದ ನಿಯಮ. ಮೂರು ವರ್ಷ ಸೇರಿ ನಷ್ಟ 10.5 ಕೋಟಿ ಪೌಂಡ್ ದಾಟುವಂತಿಲ್ಲ. ಅಕಾಡೆಮಿ, ಮಹಿಳಾ ತಂಡ, ಮೂಲಸೌಕರ್ಯದ ಖರ್ಚು ಈ ಲೆಕ್ಕದಿಂದ ಹೊರಗೆ. 2026-27ರಿಂದ ಇದರ ಬದಲು ತಂಡದ ಖರ್ಚು ಆದಾಯದ 85% ದಾಟಬಾರದು ಎನ್ನುವ ಹೊಸ ನಿಯಮಕ್ಕೆ ಕ್ಲಬ್‌ಗಳು ಮತ ಹಾಕಿವೆ. ಯುಯೆಫಾ ಮಿತಿ ಇನ್ನೂ ಕಡಿಮೆ, 70%.

ಈಗ ಎಲ್ಲರನ್ನೂ ಹೆದರಿಸುವ ಒಂದು ಪದ: ಅಮಾರ್ಟೈಸೇಶನ್. ವಿಷಯ ಸುಲಭ. ಕೊಟ್ಟ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ ಪುಸ್ತಕದಲ್ಲಿ ಬರೆಯುವುದು. ಇಸಾಕ್ ಅವರನ್ನೇ ತೆಗೆದುಕೊಳ್ಳಿ. 2022ರಲ್ಲಿ ಆರು ವರ್ಷದ ಒಪ್ಪಂದಕ್ಕೆ ಬಂದರು. ಬೆಲೆ 6 ಕೋಟಿಗಿಂತ ಸ್ವಲ್ಪ ಮೇಲೆ, ನಾವು 6 ಕೋಟಿ ಅಂತಲೇ ಇಟ್ಟುಕೊಳ್ಳೋಣ. ವರ್ಷಕ್ಕೆ 1 ಕೋಟಿ ಖರ್ಚು. ಮೂರು ವರ್ಷ ಕಳೆಯಿತು, ಪುಸ್ತಕದಲ್ಲಿ ಉಳಿದ ಬೆಲೆ 3 ಕೋಟಿ. 12.5ಕ್ಕೆ ಮಾರಿದರೆ ಪುಸ್ತಕದಲ್ಲಿ ಲಾಭ 9.5 ಕೋಟಿ, ಅದೂ ಒಂದೇ ವರ್ಷಕ್ಕೆ. ಹೊಸದಾಗಿ 6 ಕೋಟಿಗೆ ಒಬ್ಬರನ್ನು ಐದು ವರ್ಷಕ್ಕೆ ತಂದರೆ ಆ ವರ್ಷದ ಖರ್ಚು 1.2 ಕೋಟಿ ಮಾತ್ರ, ಜೊತೆಗೆ ಸಂಬಳ. ಮಾರಿದ ಲಾಭ ಒಟ್ಟಿಗೇ ಬರುತ್ತದೆ, ಕೊಂಡ ಖರ್ಚು ಹಂಚಿಹೋಗುತ್ತದೆ. ಒಬ್ಬರನ್ನು ಮಾರಿ ಮೂವರನ್ನು ತರುವುದು ಹೇಗೆ ಸಾಧ್ಯ ಅಂತ ಕೇಳುತ್ತಿದ್ದಿರಲ್ಲ, ಹೀಗೆ.

ಇದನ್ನು ಕಂತಿನ ಸಾಲ ಅಂತ ಮಾತ್ರ ತಿಳಿಯಬೇಡಿ. ಹಣ ಯಾವಾಗ ಕೈ ಬದಲಾಗುತ್ತದೆ ಎನ್ನುವುದು ಎರಡು ಕ್ಲಬ್ ನಡುವಿನ ಮಾತು. ಪುಸ್ತಕದ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ಚೆಲ್ಸಿ 2023ರ ಜನವರಿಯಲ್ಲಿ ಎನ್ಜೊ ಫೆರ್ನಾಂಡಿಸ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟು ಖರ್ಚನ್ನು ತೆಳುವಾಗಿ ಹಂಚಿತ್ತು. ಅದೇ ವರ್ಷ ಯುಯೆಫಾ, ಆಮೇಲೆ ಪ್ರೀಮಿಯರ್ ಲೀಗ್, ಎಷ್ಟೇ ಉದ್ದದ ಒಪ್ಪಂದ ಇರಲಿ ಐದು ವರ್ಷಕ್ಕಷ್ಟೇ ಹಂಚಬಹುದು ಅಂತ ಮಾಡಿದವು.

ಅಕಾಡೆಮಿ ಹುಡುಗನಿಗೆ ಕೊಟ್ಟ ಬೆಲೆ ಸೊನ್ನೆ. ಮಾರಿದರೆ ಬಂದದ್ದೆಲ್ಲ ಲಾಭ. ಅದಕ್ಕೇ ಜೂನ್ 30, ಅಂದರೆ ಲೆಕ್ಕದ ವರ್ಷ ಮುಗಿಯುವ ದಿನ, ಹತ್ತಿರ ಬಂದಾಗ ಊರಿನ ಹುಡುಗರೇ ಮೊದಲು ಹೋಗುವುದು. 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್ ಎಲಿಯಟ್ ಆಂಡರ್ಸನ್ ಅವರನ್ನು ಫಾರೆಸ್ಟ್‌ಗೆ ಸುಮಾರು 3.5 ಕೋಟಿ ಪೌಂಡ್‌ಗೆ ಮಾರಿತು. ಅದೇ ಊರಿನ ಹತ್ತಿರ ಹುಟ್ಟಿ, ಅದೇ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಯಾಂಕುಬಾ ಮಿಂಟೆ ಕೂಡ ಬ್ರೈಟನ್‌ಗೆ ಹೋದರು. ಇದು ಯೋಜನೆಯೂ ಅಲ್ಲ, ಮೋಸವೂ ಅಲ್ಲ, ದಿನಾಂಕದ ಒತ್ತಡ. ಇಂಥ ನಿಯಮ ಇರುವುದು ತಪ್ಪಲ್ಲ. ಆದರೆ ಕ್ಲಬ್ ತಾನೇ ಬೆಳೆಸಿದ ಹುಡುಗನನ್ನು ಮಾರುವುದೇ ಎಲ್ಲಕ್ಕಿಂತ ಲಾಭದ ದಾರಿ ಆಗುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ.

ದಿನಾಂಕ ತಪ್ಪಿದರೆ ಏನಾಗುತ್ತದೆ? ಫಾರೆಸ್ಟ್ 2023ರಲ್ಲಿ ಬ್ರೆನನ್ ಜಾನ್ಸನ್ ಅವರನ್ನು ಜೂನ್ ಒಳಗೆ ಕಡಿಮೆ ಬೆಲೆಗೆ ಕೊಡದೆ, ಸೆಪ್ಟೆಂಬರ್ 1ಕ್ಕೆ ಟಾಟನ್‌ಹ್ಯಾಮ್‌ಗೆ 4.75 ಕೋಟಿಗೆ ಮಾರಿತು. ಬೆಲೆ ಚೆನ್ನಾಗಿ ಬಂತು, ಆದರೆ ಅದು ಮುಂದಿನ ವರ್ಷದ ಲೆಕ್ಕಕ್ಕೆ ಸೇರಿತು. ಮಿತಿ 3.45 ಕೋಟಿ ಮೀರಿದ ಕಾರಣ 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತ. ಅದೇ ಸೀಸನ್‌ನಲ್ಲಿ ಎವರ್ಟನ್‌ಗೆ ಮೊದಲು 10 ಅಂಕ ಕಡಿತ, ಮೇಲ್ಮನವಿಯಲ್ಲಿ 6ಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಪ್ರಕರಣಕ್ಕೆ ಮತ್ತೆ 2.

ನಿಮ್ಮ ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕ "ಪುಸ್ತಕದ ಬೆಲೆ" ಅಂತ ಒಂದು ಅಂದಾಜು ಬರೆಯಿರಿ. ಸರಿಯಾದ ಅಂಕಿ ಬೇಡ. ಯಾರನ್ನು ಮಾರಿದರೆ ಲಾಭ ಜಾಸ್ತಿ ಎಂದು ಕಾಣಿಸಿದರೆ ಸಾಕು, ಮುಂದಿನ ಸುದ್ದಿ ಯಾರ ಮೇಲೆ ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತಾಗುತ್ತದೆ.

6. ಕೊಳ್ಳುವ ಜಾಗಕ್ಕೆ ಮೂರು ಹೆಸರು

ಖಾಲಿ ಇರುವ ಪ್ರತಿ ಜಾಗಕ್ಕೂ ಮೂರು ಹೆಸರು ಬರೆಯಿರಿ, ಇಷ್ಟದ ಪ್ರಕಾರ ಅಲ್ಲ, ಸಿಗುವ ಸಾಧ್ಯತೆಯ ಪ್ರಕಾರ. ಮೊದಲನೆಯ ಹೆಸರನ್ನು ನಿಮಗಿಂತ ದೊಡ್ಡ ಕ್ಲಬ್ ಕೂಡ ಕೇಳುತ್ತಿದೆಯಾ? ಹಾಗಿದ್ದರೆ ಆ ಹೆಸರು ಬಿಟ್ಟುಬಿಡಿ ಅಂತಲ್ಲ, ಅದಕ್ಕೆ ಕೊನೆಯ ದಿನಾಂಕ ಹಾಕಿ. "ಜುಲೈ 20ರೊಳಗೆ ಆಗದಿದ್ದರೆ ಎರಡನೆಯವರು." ನ್ಯೂಕಾಸಲ್ ಆ ಬೇಸಿಗೆ ಆಟಗಾರರನ್ನು ಕೊಳ್ಳುವ ಪೈಪೋಟಿಯಲ್ಲಿ ಸೋತದ್ದು ಹೆಚ್ಚಾಗಿ ಚಾಂಪಿಯನ್ಸ್ ಲೀಗ್ ಆಡುವ, ಅಥವಾ ಸಂಬಳ ಜಾಸ್ತಿ ಕೊಡುವ ಕ್ಲಬ್‌ಗಳ ಎದುರು. ಪ್ರತಿ ಸೋಲಿಗೂ ಒಂದಷ್ಟು ದಿನ ಹೋಯಿತು.

ಯಾರನ್ನೂ ಕೊಳ್ಳದೆ ಇರುವುದೂ ಒಂದು ಯೋಜನೆಯೇ. ಟಾಟನ್‌ಹ್ಯಾಮ್ 2018ರ ಬೇಸಿಗೆಯಲ್ಲಿ ಒಬ್ಬರನ್ನೂ ಕೊಳ್ಳಲಿಲ್ಲ, ಆ ಸೀಸನ್ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. 2019ರಲ್ಲಿ ಚೆಲ್ಸಿಗೆ ಫಿಫಾ ಕೊಳ್ಳುವ ನಿಷೇಧ ಹಾಕಿತ್ತು, ಹಜಾರ್ಡ್ ಬೇರೆ ಮ್ಯಾಡ್ರಿಡ್‌ಗೆ ಹೋಗಿದ್ದರು. ತರಬೇತುದಾರ ಲ್ಯಾಂಪಾರ್ಡ್ ಮೂರನೇ ಸಾಲಿನ ಹುಡುಗರನ್ನೇ ಮುಂದೆ ತಂದರು: ಮೇಸನ್ ಮೌಂಟ್, ಟ್ಯಾಮಿ ಅಬ್ರಹಾಂ, ರೀಸ್ ಜೇಮ್ಸ್, ಟೊಮೊರಿ. ನಾಲ್ಕನೇ ಸ್ಥಾನ ಬಂತು. ಮೂರನೇ ಸಾಲನ್ನು ಯಾಕೆ ಬರೆಯಿರಿ ಎಂದೆ ಅಂತ ಈಗ ಗೊತ್ತಾಯಿತಲ್ವಾ?

7. ಸುದ್ದಿ ಓದುವಾಗ

ಪದಗಳನ್ನು ಬಿಡಿಸಿ ಓದಿ. "ಆಟಗಾರ ಒಪ್ಪಿದ್ದಾನೆ" ಅಂದರೆ ಸಂಬಳದ ಮಾತು ಮುಗಿದಿದೆ, ಕ್ಲಬ್‌ಗಳ ಮಾತು ಇನ್ನೂ ಬಾಕಿ. "ಬೆಲೆ ನಿಗದಿ" ಅಂದರೆ ಕ್ಲಬ್‌ಗಳು ಒಪ್ಪಿವೆ, ಆಟಗಾರ ಇನ್ನೂ ಒಪ್ಪಿಲ್ಲದೆ ಇರಬಹುದು. "ಕಡ್ಡಾಯ ಖರೀದಿಯ ಲೋನ್" ಅಂದರೆ ಈ ವರ್ಷ ಬಾಡಿಗೆ, ಮುಂದಿನ ವರ್ಷ ಕೊಳ್ಳಲೇಬೇಕು. ಖರ್ಚು ಮುಂದಿನ ಲೆಕ್ಕಕ್ಕೆ ತಳ್ಳುವ ದಾರಿ ಅದು. "ಆಸಕ್ತಿ ಇದೆ" ಅಂದರೆ ಹೆಚ್ಚಿನ ಸಲ ಏಜೆಂಟ್ ಫೋನ್ ಮಾಡಿದ್ದಾರೆ ಅಂತ ಅಷ್ಟೇ.

ಕ್ಲಬ್ ತಾನೇ ಪ್ರಕಟಿಸುವವರೆಗೆ ಪೆನ್ಸಿಲ್‌ನಲ್ಲೇ ಇರಲಿ.

8. ಕೊನೆಯ ದಿನ

2025ರ ಸೆಪ್ಟೆಂಬರ್ 1ಕ್ಕೆ ಇಂಗ್ಲೆಂಡ್‌ನಲ್ಲಿ ಸಂಜೆ 7ಕ್ಕೆ ಬಾಗಿಲು ಮುಚ್ಚಿತು, ನಮಗೆ ರಾತ್ರಿ 11:30. ಆ ಹೊತ್ತಿಗೆ ಕಾಗದ ಪೂರ್ತಿ ಆಗದಿದ್ದರೆ "ಡೀಲ್ ಶೀಟ್" ಕಳಿಸಬಹುದು. ಎರಡೂ ಕ್ಲಬ್ ಒಪ್ಪಿವೆ ಎನ್ನುವ ಒಂದು ಪುಟದ ಕಾಗದ ಅದು, ಕಳಿಸಿದರೆ ಉಳಿದ ಕಾಗದಕ್ಕೆ ಇನ್ನೆರಡು ಗಂಟೆ ಸಿಗುತ್ತದೆ. ಆದ್ದರಿಂದ 11:30ಕ್ಕೆ ಟಿವಿ ಆರಿಸಿ ಮಲಗಬೇಡಿ.

ಅದೇ ದಿನ ಕ್ರಿಸ್ಟಲ್ ಪ್ಯಾಲೇಸ್ ನಾಯಕ ಮಾರ್ಕ್ ಗೆಹಿ ಸುಮಾರು 3.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಹೋಗುವುದು ಬಹುತೇಕ ಮುಗಿದಿತ್ತು. ಪ್ಯಾಲೇಸ್‌ಗೆ ಬದಲಿ ಡಿಫೆಂಡರ್ ಸಿಗಲಿಲ್ಲ, ಕೊನೆ ಗಳಿಗೆಯಲ್ಲಿ ನಿಂತುಹೋಯಿತು. ಅವರ ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು, ನಮ್ಮ ಹಾಳೆಯಲ್ಲಿ ಕೆಂಪು. ದುಡ್ಡು ಬಿಟ್ಟು ಜಾಗ ಉಳಿಸಿಕೊಂಡರು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳ ಹಾಗೆ ಇದು, ಒಂದು ಬೀಳದಿದ್ದರೆ ಮುಂದಿನದೂ ಬೀಳುವುದಿಲ್ಲ. 2015ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ರಿಯಲ್ ಮ್ಯಾಡ್ರಿಡ್‌ಗೆ ಹೋಗುವುದು ಕಾಗದ ತಡವಾಗಿ ನಿಂತಿತು. ಎಲ್ಲರೂ ಒಪ್ಪಿದ್ದರು, ಗಡಿಯಾರವೊಂದು ಒಪ್ಪಲಿಲ್ಲ.

9. ಬಾಗಿಲು ಮುಚ್ಚಿದ ಮೇಲೆ

ಈಗ ಹಾಳೆಯನ್ನು ಪೆನ್‌ನಲ್ಲಿ ಬರೆಯಿರಿ. ಪಕ್ಕದಲ್ಲಿ ವೇಳಾಪಟ್ಟಿ ಇಡಿ. ಆಫ್ರಿಕಾದ ದೇಶಗಳ ಟೂರ್ನಿ ಆಫ್ರಿಕಾ ಕಪ್ 2025ರ ಡಿಸೆಂಬರ್ 21ರಿಂದ ಜನವರಿ 18ರವರೆಗೆ ಇತ್ತು. ಆ ದಿನಗಳಲ್ಲಿ ಯಾರ್ಯಾರು ಇರುವುದಿಲ್ಲ ಅಂತ ಗೆರೆ ಹಾಕಿ. ವಿಸ್ಸಾ ಡಿಆರ್ ಕಾಂಗೊ ಪರ ಆಡುವವರು, ಅವರ ಹೆಸರಿಗೂ ಗೆರೆ ಬೇಕಿತ್ತು. ಆದರೆ ಅಷ್ಟು ದೂರ ಹೋಗಲೇ ಬೇಕಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ದೇಶದ ಪರ ಆಡಲು ಹೋದಲ್ಲೇ ಮೊಣಕಾಲಿಗೆ ಗಾಯವಾಯಿತು, ನ್ಯೂಕಾಸಲ್ ಪರ ಒಂದು ಪಂದ್ಯವೂ ಆಡುವ ಮೊದಲು. ಸೆಪ್ಟೆಂಬರ್ 13ಕ್ಕೆ ವುಲ್ವ್ಸ್ ಎದುರು ವೋಲ್ಟೆಮಾಡೆ ಮೊದಲ ಪಂದ್ಯದಲ್ಲೇ ತಲೆಯಿಂದ ಗೋಲು ಹೊಡೆದರು, 1-0 ಗೆಲುವು. ಹಾಳೆ ಮಾತ್ರ ಜೂನ್‌ನಲ್ಲಿದ್ದ ಹಾಗೇ ಇತ್ತು: ಮೇಲೆ ಒಬ್ಬ ಸ್ಟ್ರೈಕರ್, ಕೆಳಗೆ ಓಸುಲಾ.

ಬೆಂಗಳೂರು ಎಫ್‌ಸಿಗೆ ಇದೇ ಹಾಳೆ ಹಾಕಲು ಹೊರಟವರಿಗೆ ಒಂದು ಮಾತು. ಐಎಸ್‌ಎಲ್‌ನಲ್ಲಿ ವಿದೇಶಿ ಆಟಗಾರರ ಮಿತಿಯೇ ಮೊದಲ ಕಾಲಂ ಆಗಬೇಕು, ಮೈದಾನದಲ್ಲಿ ಒಟ್ಟಿಗೆ ನಾಲ್ವರು ಮಾತ್ರ. ಆದರೆ 2025ರಲ್ಲಿ ಹಾಳೆಯ ಮೊದಲ ಸಾಲೇ ಖಾಲಿ ಇತ್ತು, ಲೀಗ್ ಯಾವಾಗ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಜುಲೈನಲ್ಲಿ ಲೀಗ್ ಮುಂದಕ್ಕೆ ಹೋಯಿತು, ಆಗಸ್ಟ್‌ನಲ್ಲಿ ಕ್ಲಬ್ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಕಂಠೀರವಕ್ಕೆ ಹೋಗಿ ಕೂಗುವ ನಮಗೆ ಅದು ಬಹಳ ನೋವಿನ ಸುದ್ದಿ. ಹಾಗಿದ್ದರೂ ಒಪ್ಪಂದದ ವರ್ಷ, ವಯಸ್ಸು, ಎರಡನೇ ಸಾಲು, ಈ ಮೂರು ಕಾಲಂ ತುಂಬಿ ಇಟ್ಟುಕೊಳ್ಳಿ. ಲೀಗ್ ದಿನಾಂಕ ಯಾವಾಗ ಬಂದರೂ ಮೊದಲು ಬೇಕಾಗುವುದು ಅವೇ.

ಇಂಗ್ಲೆಂಡ್‌ನ ಹಾಳೆಯನ್ನು ಮಡಚಿ ಎತ್ತಿಡಿ. ಜನವರಿ ವಿಂಡೋ ತೆರೆದ ದಿನ ತೆಗೆದು ಮೊದಲು ಹಳದಿ ಬಣ್ಣದ ಹೆಸರುಗಳನ್ನು ನೋಡಿ, ಅದರಲ್ಲಿ ಎಷ್ಟು ಜನ ಸಹಿ ಹಾಕಿದ್ದಾರೆ ಎಂದು ಎಣಿಸಿ.